ಆಲ್ಬನಿಯಲ್ಲಿ ಆಮಿಶ್ ಅಡುಗೆ

ಇದು ನಡೆದದ್ದು 2016ರ ಜುಲೈನಲ್ಲಿ, ಅಂದರೆ ಇಲ್ಲಿನ ನಡುಚಳಿಗಾಲದಲ್ಲಿ; ಈ ಆಲ್ಬನಿ ಅಮೆರಿಕದ್ದಲ್ಲ, ಭೂಮಿಯ ದಕ್ಷಿಣಾರ್ಧದ್ದು. ಕೊಡಗಿನವನೊಬ್ಬ, ಮೈಸೂರಿನ ಸಸ್ಯಾಹಾರಿಯೊಬ್ಬ ಒಂದೇ ಅಡುಗೆಮನೆ ಹಂಚಿಕೊಂಡರೆ ಇಂಥವು ನಡೆಯುತ್ತಲೇ ಇರುತ್ತವೆ. ಕೊಡಗಿನವನು ನಾನು.

1. ಪ್ಲಗ್

ಆಲ್ಬನಿಯ ನಮ್ಮ ಮನೆಯ ಕರಾರು ಮುಗಿಯುತ್ತಿತ್ತು. ಮುಂದುವರಿಸಲು ಮನೆಯೊಡತಿಗೆ ಮನಸ್ಸಿರಲಿಲ್ಲ. ಎಪ್ಪತ್ತು ದಾಟಿದ ಅಜ್ಜಿ. "ನಿಮಗೆ ಎಲ್ಲದಕ್ಕೂ ಆತುರ" ಎನ್ನುತ್ತಿದ್ದರು. ಮನಸ್ಸು ಬದಲಾಗಲೆಂದು ಭಾನುವಾರ ಸಂಜೆ ಊಟಕ್ಕೆ ಕರೆದೆ. ಅಮೆರಿಕದ ಆಮಿಶ್ ರೈತರ ಅಡುಗೆ ಅವರಿಗೆ ಪ್ರಾಣ: ಹಂದಿಯ ಭುಜದ ಮಾಂಸ, ಸೇಬು, ಈರುಳ್ಳಿ, ಕಂದು ಸಕ್ಕರೆ, ಸಣ್ಣ ಶಾಖದಲ್ಲಿ ಎಂಟು ಗಂಟೆ.

ಆಮಿಶರು ಮನೆಗೆ ಕರೆಂಟೇ ಹಾಕಿಸುವುದಿಲ್ಲವಂತೆ. ನಾನು ಸ್ಲೋ ಕುಕ್ಕರಿನ ಪ್ಲಗ್ ಚುಚ್ಚಿದೆ.

2. ಮುಚ್ಚಳ

ಮುಚ್ಚಳ ತೆಗೆದರೆ ಶಾಖ ಹೋಗುತ್ತದೆ. ತೆಗೆಯಬಾರದು.

ಮಡಿಕೇರಿಯಿಂದ ಅಮ್ಮ ವಿಡಿಯೋ ಕಾಲ್ ಮಾಡಿದರು. "ಎತ್ತು ಮಗ, ನೋಡ್ತೀನಿ." ಎತ್ತಿದೆ. "ಹಂದಿಗೆ ಹುಳಿ ಅಂತ ಕಾಚಂಪುಳಿ ಇಲ್ಲ, ಕರಿಮೆಣಸಿಲ್ಲ. ಮನೇಲಿ ಯಾರಿಗೆ ಹುಷಾರಿಲ್ಲ?"

ಮೈಸೂರಿನವನು ಮೂಗು ಹಿಡಿದುಕೊಂಡು ಆಗಾಗ ಸೌಟು ಆಡಿಸುತ್ತಿದ್ದ.

"ನೀನು ತಿನ್ನಲ್ವಲ್ಲೋ!"

"ತಿನ್ನಲ್ಲ. ಹಾಗಂತ ತಳ ಹಿಡಿಯಕ್ಕೆ ಬಿಡೋಕಾಗುತ್ತಾ ಗುರೂ?"

ನಾನು ವಿನಾಕಾರಣ ತೆಗೆಯಲಿಲ್ಲ. ಹದಿನೈದು ನಿಮಿಷಕ್ಕೊಮ್ಮೆ ಥರ್ಮಾಮೀಟರ್ ಇಡಲು ಮಾತ್ರ ತೆಗೆದೆ. ಶಾಖ ಯಾಕೆ ಏರುತ್ತಿಲ್ಲ ಎಂದು ತಿಳಿಯಬೇಕಿತ್ತು.

3. ತಾಳ್ಮೆ

ಐದು ಗಂಟೆಗೆ ಫೋರ್ಕ್ ಚುಚ್ಚಿದೆ. ಮಾಂಸ ಅದನ್ನು ವಾಪಸ್ ಕಳಿಸಿತು. ಅಜ್ಜಿ ಆರಕ್ಕೆ ಬರುವವರು.

"ಮನೆ ಹೋಯ್ತು" ಎಂದೆ.

ಮೈಸೂರಿನವನು ಕಪಾಟಿನಿಂದ ತನ್ನ ಪ್ರೆಷರ್ ಕುಕ್ಕರ್ ತೆಗೆದ. ಅವನ ತಾಯಿ ಕುಂಕುಮ ಇಟ್ಟು ಕಳಿಸಿದ್ದು. ಅದರಲ್ಲಿ ಮೊಟ್ಟೆ ಕೂಡ ಬೆಂದಿರಲಿಲ್ಲ. ಎರಡೂ ಕೈಯಲ್ಲಿ ನನಗೆ ಕೊಟ್ಟ.

"ತಗೋ. ವಾಪಸ್ ಮಾತ್ರ ಕೊಡಬೇಡ."

ಬೆಂದ ಮಾಂಸವನ್ನು ಮತ್ತೆ ಸ್ಲೋ ಕುಕ್ಕರಿಗೆ ಸುರಿದು ಮುಚ್ಚುವಷ್ಟರಲ್ಲಿ ಬೆಲ್ ಆಯಿತು.

ಅಜ್ಜಿಯ ಚಮಚ ತಾಗಿದರೆ ಸಾಕು, ಮಾಂಸ ಎಳೆಎಳೆಯಾಗಿ ಬಿಡುತ್ತಿತ್ತು. ಒಂದು ತುತ್ತು ತಿಂದು ಕಣ್ಣು ಮುಚ್ಚಿದರು.

"ಇಷ್ಟು ತಾಳ್ಮೆ ಇರೋ ಹುಡುಗರನ್ನ ಯಾರಾದ್ರೂ ಕಳಿಸ್ತಾರಾ? ಇನ್ನೊಂದು ವರ್ಷ ಇರಿ. ಎಷ್ಟು ಹೊತ್ತು ಬೇಯಿಸಿದೆಯಪ್ಪಾ?"

ಮೈಸೂರಿನವನು ತನ್ನ ಮೊಸರನ್ನವನ್ನೇ ನೋಡುತ್ತ ಕೂತ.

"ಬೆಳಗ್ಗೆಯಿಂದ" ಎಂದೆ.

ಕುಕ್ಕರ್ ಕೂಗಿದ್ದು ಆರು ಸಲ.