ಬೀಗರನ್ನು ದೋಣಿ ಹತ್ತಿಸಿದ್ದು

ಒಣಗಿಸುವ ವಿದ್ಯೆಯಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ. ನೊಣವಿನಕೆರೆಯಲ್ಲಿ ಬಸ್ಸಿಳಿದು ವಿಚಾರಿಸಿ ನೋಡಿ, ನಮ್ಮ ಅಟ್ಟದ ಕೊಬ್ಬರಿಯ ಗುಣಗಾನ ಕಿವಿಗೆ ಬೀಳದೆ ಇರದು. ವರ್ಷವಿಡೀ ಅಟ್ಟದ ಮೇಲೆ ತಾಳ್ಮೆಯಿಂದ ಒಣಗಿಸಿದ ಕಾಯಿ ಅಲ್ಲಾಡಿಸಿದರೆ ಒಳಗೆ ಗಡಗಡ ಎನ್ನಬೇಕು. ಇಂಥ ಘನತೆವೆತ್ತ ಮನುಷ್ಯ ಒಂದು ದೋಣಿ ಕೊಂಡ!

ಆ ವರ್ಷ ಮಳೆ ಚೆನ್ನಾಗಿ ಸುರಿದು ನಮ್ಮೂರ ಕೆರೆ ಕೋಡಿ ಬಿದ್ದಿತ್ತು. ಯಾವುದೋ ರೆಸಾರ್ಟಿನವರು ಮಾರಿದ, ಇಂಜಿನ್ ಕೂಡಿಸಿದ ಹಳೇ ಮರದ ದೋಣಿಯನ್ನು ಲಾರಿಯಲ್ಲಿ ಹೇರಿಸಿಕೊಂಡು ಬಂದೆ. ಅದೇ ಹೊತ್ತಿಗೆ ಮಗಳು ಕಾವ್ಯಳಿಗೆ ತುರುವೇಕೆರೆಯ ಸಂಬಂಧ ಕುದುರಿತ್ತು. ಹುಡುಗನ ಅಪ್ಪ ನಂಜುಂಡಪ್ಪನವರು ಲಗ್ನ ಕಟ್ಟಿಸುವ ಮಾತಿಗೆ ಬರುವುದಷ್ಟೇ ಬಾಕಿ. ಶಿಸ್ತಿನ ಮನುಷ್ಯರು, ಮನೆತನ ತೂಗಿ ನೋಡುವವರು. ನಾನು ಫೋನಿನಲ್ಲೇ ಹೇಳಿಬಿಟ್ಟೆ, “ಬನ್ನಿ ಬೀಗ್ರೇ, ಕೆರೆ ಮಧ್ಯದಲ್ಲಿ ತೇಲ್ತಾ ಮಾತಾಡೋಣ!”

ಮಾರನೇ ದಿನವೇ ದೋಣಿಯ ಇಂಜಿನ್ ಕೆಟ್ಟಿತು.

ತಿಪಟೂರಿನ ಪಂಪ್‌ಸೆಟ್ ಮೆಕ್ಯಾನಿಕ್ ಅನ್ವರ್ ಸಾಬರು ಅದನ್ನು ಬಿಚ್ಚಿಕೊಂಡು ಹೊರಟರು. “ದೋಣಿ ಇಂಜಿನ್ ರಿಪೇರಿ ಮಾಡಿ ಗೊತ್ತಾ ಸಾಬ್ರೇ?” ಎಂದೆ.

“ಇದ್ರಲ್ಲೇನೈತೆ ಸ್ವಾಮಿ? ಪಂಪ್‌ಸೆಟ್ಟು ನೀರ್ನ ಮೇಲಕ್ಕೆ ತಳ್ತದೆ, ಇದು ಹಿಂದಕ್ಕೆ ತಳ್ತದೆ. ಅಷ್ಟೇ!”

ಇಂಜಿನ್ ಅಂಗಡಿಯಲ್ಲಿ, ದೋಣಿ ದಡದಲ್ಲಿ, ನಾನು ದೋಣಿಯ ಪಕ್ಕ ಕುರ್ಚಿಯಲ್ಲಿ. ದಿನವೂ ಫೋನು ಮಾಡುವುದು, ಸಾಬರು “ಪಾರ್ಟು ಬರ್ಬೇಕು” ಎನ್ನುವುದು. ಪಕ್ಕದ ತೋಟದ ಬಸಣ್ಣ ಬಂದು, “ಏನ್ಲಾ, ಹಡಗಿನ ಕ್ಯಾಪ್ಟನ್ನು ಇನ್ನೂ ನೆಲದ್ ಮೇಲೇ ಅವ್ನಲ್ಲ!” ಎಂದು ನಕ್ಕು ಹೋಗುವನು. ಸುಮ್ಮನೆ ಕೂರುವುದು ನನ್ನ ಜಾಯಮಾನದಲ್ಲೇ ಇಲ್ಲ. ದೋಣಿಯ ಹಲಗೆ ಮುಟ್ಟಿ ನೋಡಿದೆ. ಒದ್ದೆ! ಇಷ್ಟು ನೀರು ಕುಡಿದ ಮರ ಕೊಳೆಯದೆ ಇರುತ್ತದೆಯೇ? ಒಣಗಿಸಲು ಶುರುಮಾಡಿದೆ.

ಬೆಳಿಗ್ಗೆ ಅಂಗಾತ, ಮಧ್ಯಾಹ್ನ ಬೋರಲು. ಬಿಸಿಲು ಸಾಲದ ದಿನ ಕೆಳಗೆ ಕಾಯಿಸಿಪ್ಪೆಯ ಸಣ್ಣ ಬೆಂಕಿ. ವಾರ ಕಳೆಯುವಷ್ಟರಲ್ಲಿ ಹಲಗೆ ಬಡಿದರೆ ಠಣ್ ಎನ್ನತೊಡಗಿತು. ನನಗೆ ಹೆಮ್ಮೆಯೋ ಹೆಮ್ಮೆ! ಊಟ ತಂದ ನನ್ನವಳು ಶಾರದ ಬಗ್ಗಿ ನೋಡಿದಳು.

“ರೀ, ಹಲಗೆ ಸಂದೀಲಿ ಬೆಳಕು ಕಾಣ್ತೈತೆ.”

“ನಮ್ಮ ಅಟ್ಟಕ್ಕೂ ಸಂದಿ ಬಿಟ್ಟಿಲ್ವೇನೇ? ಗಾಳಿ ಆಡ್ಬೇಕು ಕಣೇ.”

“ಅಟ್ಟ ನೀರಲ್ಲಿ ತೇಲಲ್ಲ” ಎಂದು ಬುತ್ತಿ ಇಟ್ಟು ಹೋದಳು. ಜೊತೆಗೆ ಬಂದಿದ್ದ ಕಾವ್ಯ ಮಾತ್ರ ಹತ್ತಿರ ಬಂದು, “ಅಪ್ಪಾ, ಈ ಸಂಬಂಧ ನಂಗೆ ಇಷ್ಟ ಆಗೈತೆ. ಏನೂ ಎಡವಟ್ ಮಾಡ್ಬೇಡಪ್ಪ” ಎಂದಳು. ಅವಳು ಅತ್ತ ಹೋಗುತ್ತಲೇ ಸಂದಿಗಳ ಮೇಲೆ ದಪ್ಪಗೆ ನೀಲಿ ಬಣ್ಣ ಬಳಿದೆ.

ಬೀಗರು ಬರುವ ದಿನ ಬೆಳಿಗ್ಗೆಯೇ ಸಾಬರು ಇಂಜಿನ್ ತಂದು ಜೋಡಿಸಿದರು. ಇಸ್ತ್ರಿ ಮಾಡಿದ ಪಂಚೆಯುಟ್ಟ ನಂಜುಂಡಪ್ಪನವರು ಗಂಭೀರವಾಗಿ ದೋಣಿಯಲ್ಲಿ ಕುಳಿತರು. ಇಂಜಿನ್ ಒಂದೇ ಏಟಿಗೆ ಹೊತ್ತಿಕೊಂಡು, ಹೊಗೆ ಉಗುಳುತ್ತಾ ನಮ್ಮನ್ನು ಎಳೆದುಕೊಂಡು ಹೊರಟಿತು.

“ನಿಮ್ಮ ಕಡೆ ಮದ್ವೆ...” ಎಂದು ಬೀಗರು ಆರಂಭಿಸಿ ನಿಲ್ಲಿಸಿದರು. “ಕಾಲ್ ತಣ್ಣಗಾಗ್ತಾ ಐತಲ್ರೀ?”

“ಕೆರೆ ಗಾಳಿ ಬೀಗ್ರೇ!”

ಅಷ್ಟರಲ್ಲಿ ಅವರ ಚಪ್ಪಲಿ ತೇಲಿಕೊಂಡು ನನ್ನ ಬಳಿಗೆ ಬಂತು. ಗಕ್ಕನೆ ದೋಣಿ ತಿರುಗಿಸಿದೆ. ಬೀಗರು ಎರಡೂ ಕೈಯಲ್ಲಿ ನೀರು ಎತ್ತಿ ಹಾಕುತ್ತಿದ್ದರು, ನೀರು ಎಲ್ಲ ಸಂದಿಯಿಂದಲೂ ಧಾರಾಳವಾಗಿ ಬರುತ್ತಿತ್ತು. ಇಂಜಿನ್‌ಗೆ ಮಾತ್ರ ಯಾವ ಕುಂದೂ ಇರಲಿಲ್ಲ! ದಡ ಇನ್ನೇನು ಕೈಗೆ ಸಿಕ್ಕಿತು ಎನ್ನುವಾಗ ದೋಣಿ ಸದ್ದಿಲ್ಲದೆ ತಳ ಸೇರಿತು. ಸೊಂಟದುದ್ದ ನೀರಿನಲ್ಲಿ ಬೀಗರು ನಿಂತಿದ್ದರು, ಪಂಚೆ ಕೊಡೆಯ ಹಾಗೆ ಸುತ್ತಲೂ ಅರಳಿತ್ತು. ದಡದಲ್ಲಿ ಕಾವ್ಯ ಮುಖ ಮುಚ್ಚಿಕೊಂಡಿದ್ದಳು. ಮಗಳ ಮದುವೆ ಮುಳುಗಿತು ಎಂದು ನನಗೆ ಅಳುವೇ ಬಂತು.

ಶಾರದ ಕೈಕೊಟ್ಟು ಎಳೆಯುತ್ತಾ ಹೇಳಿದಳು, “ಒಣಗಿದ್ ಕೊಬ್ಬರಿ ಕರಟ ಬುಡೋದು ಗೊತ್ತು. ಒಣಗಿದ್ ಹಲಗೆ ಪಕ್ಕದ್ ಹಲಗೇನ ಬುಡೋದು ಗೊತ್ತಾಗ್ಲಿಲ್ವಾ?”

ಮನೆಯಲ್ಲಿ ಬೀಗರು ನನ್ನದೇ ಪಂಚೆ ಉಟ್ಟು, ಬಿಸಿ ಕಾಫಿ ಮುಗಿಸಿದರು. ಆಮೇಲೆ ನನ್ನನ್ನು ಬಿಟ್ಟು ಶಾರದಳ ಕಡೆ ತಿರುಗಿದರು.

“ಹುಡ್ಗಿ ಬಂಗಾರದಂಥೋಳು ತಾಯಿ, ಲಗ್ನ ಕಟ್ಸೋಣ. ಒಂದೇ ಮಾತು. ಮದ್ವೆ ಕೆಲ್ಸ ಒಂದೂ ಇವ್ರ ಕೈಗೆ ಕೊಡ್ಬಾರ್ದು.”

ಇದು ನನ್ನ ಮಾನದ ಪ್ರಶ್ನೆ ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ತಾಯಿ ಮಗಳು ಒಟ್ಟಿಗೆ “ಆಯ್ತು!” ಎಂದಿದ್ದರು.

ಮದುವೆ ಚೆನ್ನಾಗಿ ನಡೆಯಿತು. ಛತ್ರದ ಬಾಗಿಲಲ್ಲಿ ಕೈಮುಗಿದು ನಿಲ್ಲುವ ಹೊಣೆಯನ್ನು ನನಗೆ ದಯಪಾಲಿಸಿದ್ದರು. ನಾನು ಅಲ್ಲಿಂದ ಅಲ್ಲಾಡದಂತೆ ನೋಡಿಕೊಳ್ಳಲು ಬಸಣ್ಣನನ್ನು ಪಕ್ಕದಲ್ಲೇ ನಿಲ್ಲಿಸಿದ್ದರು.