ಸತ್ತ ಮೇಲೆ ಬೇಕಾಗುವ ಮೊಣಕಾಲು

ನಿಧಾನವಾಗಿ ಕೈಕಾಲು ಆಡಿಸುವುದನ್ನು ಕಲಿಸುವವರನ್ನು ಕಂಡು ಜನ ಹೆದರುವುದು ಇದ್ದದ್ದೇ. ನಾನು ಬೆಳಗಾವಿಯಲ್ಲಿ ಫಿಸಿಯೊಥೆರಪಿಸ್ಟ್. ಸಂಧಿವಾತದವರಿಗೆ ತಾಯ್ ಚಿ ಎಂಬ ಚೀನಾದ ವ್ಯಾಯಾಮ ಹೇಳಿಕೊಡುತ್ತೇನೆ. ಜಿಗಿತವಿಲ್ಲ, ಓಟವಿಲ್ಲ. ನೀರಿನೊಳಗೆ ನಡೆದ ಹಾಗೆ ಮೆಲ್ಲಗೆ ಹೆಜ್ಜೆ, ಮೆಲ್ಲಗೆ ಕೈ, ಮಾತಂತೂ ಇಲ್ಲವೇ ಇಲ್ಲ. ನನ್ನಿಂದ ಎಷ್ಟು ಮೊಣಕಾಲು ಹಗುರಾದವೋ ಗೊತ್ತಿಲ್ಲ, ಎದೆ ಒಡೆದುಕೊಂಡವರು ಮಾತ್ರ ಬಹಳ.

೧. ಮೊಸರನ್ನ

ಮಚ್ಛೆಯ ಕಡೆಯ ಒಂದು ಖಾಲಿ ಮೈದಾನದಲ್ಲಿ ಬೆಳಗಿನ ಪಾಠ. ಚಳಿಗಾಲ, ಮಾರುದ್ದ ಕಾಣದಷ್ಟು ಮಂಜು. ಹನ್ನೆರಡು ಜನ, ಎಲ್ಲರದೂ ಬಿಳಿ ಬಟ್ಟೆ. ಅದು ನನ್ನದೇ ತಪ್ಪು, ಶಿಸ್ತು ಕಾಣಲಿ ಎಂದು ನಾನೇ ಹೇಳಿದ್ದೆ. ಹಾಲಿನವನೊಬ್ಬ ಬೈಕ್ ನಿಲ್ಲಿಸಿ ಇಣುಕಿದ. ಸರಿಯಾಗಿ ಆಗಲೇ ನಾವೆಲ್ಲ ಒಟ್ಟಿಗೆ, ಸದ್ದಿಲ್ಲದೆ, ಅವನ ಕಡೆ ತಿರುಗಿ ಎರಡೂ ಕೈ ಮುಂದೆ ಚಾಚಿದೆವು. ಪಾಠದಲ್ಲಿ ಮುಂದಿನ ಭಂಗಿ ಅದೇ ಇತ್ತು. ಅವನು ಬೈಕ್, ಹಾಲು ಎರಡನ್ನೂ ಅಲ್ಲೇ ಬಿಟ್ಟು ಓಡಿದ.

ಮರುದಿನ ಮೈದಾನದ ಗೇಟಿನ ಮುಂದೆ ಬಾಳೆ ಎಲೆ, ಅದರ ಮೇಲೆ ಮೊಸರನ್ನ, ಕುಂಕುಮ ಹಚ್ಚಿದ ಲಿಂಬೆಹಣ್ಣು. ದೆವ್ವ ಕಾಡದಿರಲಿ ಎಂದು ಇಡುವ ಎಡೆ. ನಮ್ಮ ಸಲುವಾಗಿಯೇ ಇಟ್ಟದ್ದು ಎಂದು ತಿಳಿದಾಗ ಹನ್ನೆರಡೂ ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಾವು ನಿಜವಾಗಿ ಬದುಕಿದ್ದೇವೆಯೇ ಎಂದು ನನಗೂ ಒಂದು ಗಳಿಗೆ ಅನುಮಾನ ಬಂತು.

ಕಾರ್ಖಾನೆಯಿಂದ ನಿವೃತ್ತರಾದ ಒಬ್ಬರು ಎಲೆಯನ್ನು ಬಗ್ಗಿ ನೋಡಿ ಹೇಳಿದರು: "ಇನ್ನೊಂದು ಸಲ ಕೈ ಚಾಚೂಣ್ರಿ ಅಕ್ಕಾರ, ಹೋಳಿಗಿನೂ ಬರಬಹುದು."

೨. ಅಜ್ಜನ ಬೇಡಿಕೆ

ಭಾನುವಾರ ಖಾನಾಪುರದ ಸಭಾಭವನದಲ್ಲಿ ಪಾಠ. ಅಲ್ಲಿಗೆ ಪಾರಿಶ್ವಾಡದಿಂದ ಬಸ್ಸು ಹತ್ತಿ ಒಬ್ಬ ಅಜ್ಜ ಬಂದರು. ಹಣೆ ತುಂಬ ವಿಭೂತಿ, ಎರಡೂ ಮೊಣಕಾಲು ಕೊರಡು. ಹೊಸಬರನ್ನು ನಾನು ಏನು ಬೇಕಾಗಿತ್ತು ಎಂದು ಕೇಳುತ್ತೇನೆ. ಒಬ್ಬರಿಗೆ ಮೆಟ್ಟಿಲು ಹತ್ತಬೇಕು, ಒಬ್ಬರಿಗೆ ಸಂತೆಗೆ ಹೋಗಬೇಕು. ಅಜ್ಜ ಅಂದರು: "ಪದ್ಮಾಸನ ಹಾಕಿ ಕುಂದರಾಕ ಬರಬೇಕು ತಂಗಿ."

"ಪೂಜಿಗೇನ್ರಿ ಅಜ್ಜಾರ?"

"ಪೂಜಿ ಕುರ್ಚಿ ಮ್ಯಾಲ ನಡೀತೈತಿ. ಸಮಾಧಿಯೊಳಗ ಕುರ್ಚಿ ಇಡೂದಿಲ್ಲಲಾ!"

ನಮ್ಮ ಲಿಂಗಾಯತರಲ್ಲಿ ಸತ್ತವರನ್ನು ಮಲಗಿಸಿ ಹೂಳುವುದಿಲ್ಲ, ಕಾಲು ಮಡಚಿ ಕೂರಿಸುತ್ತಾರೆ. ಅಜ್ಜನ ಅಣ್ಣನ ಕಾಲುಗಳೂ ಹೀಗೇ ಸೆಟೆದಿದ್ದವಂತೆ. ನಾಲ್ಕು ಜನ ಒತ್ತಿ ಮಡಚಿದಾಗ ಲಟಕ್ ಎಂದ ಸದ್ದು ಅಜ್ಜನ ಕಿವಿಯಿಂದ ಇನ್ನೂ ಹೋಗಿಲ್ಲ. ತನಗೂ ಹಾಗೆ ಆಗಬಾರದು, ಅಷ್ಟೇ ಅವರ ಆಸೆ. ಏನಾದರೂ ಧೈರ್ಯ ಹೇಳಬೇಕಲ್ಲ ಎಂದು, "ಸತ್ತ ಮ್ಯಾಲ ಬ್ಯಾನಿ ಆಗೂದಿಲ್ರಿ ಅಜ್ಜಾರ" ಅಂದೆ.

"ಹಂಗಂತ ಸತ್ತವ್ರು ಯಾರರ ಬಂದು ಹೇಳ್ಯಾರೇನ?"

೩. ಹತ್ತನೆಯವರು

ಖಾನಾಪುರದ ಸಭಾಭವನದ ದುರಸ್ತಿ ಶುರುವಾಯಿತು. ಅಜ್ಜ ನಮ್ಮನ್ನು ತಮ್ಮೂರಿನ ರುದ್ರಭೂಮಿಗೆ ಕರೆದರು. "ಸಪಾಟ ಜಾಗಾ ಐತಿ, ಯಾರೂ ತ್ರಾಸ ಕೊಡೂದಿಲ್ಲ" ಎಂದರು. ಅದೂ ಖರೆಯೇ.

ನನ್ನ ವಿದ್ಯಾರ್ಥಿಗಳು ಒಂಬತ್ತು ಜನ. ಮಂಜಿನಲ್ಲಿ ಮುಖ ಕಾಣದು, ಏರುವ ಕೈಗಳನ್ನೇ ಎಣಿಸಿದೆ. ಹತ್ತು ಜೋಡಿ. ಮತ್ತೆ ಎಣಿಸಿದೆ, ಹತ್ತೇ. ಕೊನೆಯ ಸಮಾಧಿಯ ಹತ್ತಿರ ಸೀರೆಯುಟ್ಟ ಒಬ್ಬರು ಇದ್ದರು. ಉಳಿದವರಿಗೆ ನಾನು ತಿದ್ದಿ ತಿದ್ದಿ ಸೋತ ತಿರುವನ್ನು ಅವರು ಎಷ್ಟು ನಯವಾಗಿ ಮಾಡಿದರೆಂದರೆ, ಹೆದರಿಕೆಯ ನಡುವೆಯೂ ನನಗೆ ಹೆಮ್ಮೆಯಾಯಿತು. ಬಿಸಿಲು ಬಿದ್ದಾಗ ನೋಡಿದರೆ ಒಂಬತ್ತೇ ಜನ.

ನಾನು ತಡೆಯಲಾರದೆ ಹೇಳಿಬಿಟ್ಟೆ. ಮರಾಠಿ ಮನೆಮಾತಿನ ಒಬ್ಬ ಅಜ್ಜಿ "ಅಗ ಬಾಈ!" ಎಂದು ಪಕ್ಕದ ಕಟ್ಟೆಯ ಮೇಲೆ ಕುಸಿದರು. ಅದು ಸಮಾಧಿ ಎಂದು ತಿಳಿದೊಡನೆ ಚಂಗನೆ ಎದ್ದರು. ನನ್ನ ಎಂಟು ತಿಂಗಳ ಪಾಠ ಅವರಿಗೆ ಅಂಥ ಚುರುಕು ಕೊಟ್ಟಿರಲಿಲ್ಲ.

ಅಜ್ಜ ಮಾತ್ರ ಶಾಂತ. "ಆ ಕಡೀಗಿಂದು ನನ್ನ ಹೆಂಡ್ತಿ ಸಮಾಧಿ. ಅಕೀಗೂ ಮೊಣಕಾಲ ಬ್ಯಾನಿ ಇತ್ತು ತಂಗಿ. ಬರ್ಲಿ ಬಿಡು, ಆರಾಮ ಆಕ್ಕೈತಿ."

೪. ಒಂದು ತಾಸು

ವರ್ಷವಾಗುವ ಹೊತ್ತಿಗೆ ಅಜ್ಜನ ಕಾಲು ಬೆರಳಷ್ಟು ಬೆರಳಷ್ಟಾಗಿ ಮಡಚತೊಡಗಿದವು. ಒಂದು ಭಾನುವಾರ ಅವರು ಪಾಠಕ್ಕೆ ಬರಲಿಲ್ಲ. ಒಂದು ದಿನವೂ ತಪ್ಪಿಸಿದವರಲ್ಲ. ಪಾಠ ಮುಗಿಸಿ ನೇರ ಪಾರಿಶ್ವಾಡಕ್ಕೆ ಹೋದೆ.

ಬಾಗಿಲ ಮುಂದೆ ರಾಶಿ ಚಪ್ಪಲಿ. ಒಳಗೆ ಓಣಿಯ ಜನ ಉಸಿರೆತ್ತದೆ ಕೂತಿದ್ದಾರೆ. ಗೋಡೆಗೆ ಒರಗಿಸಿದ ಅಜ್ಜ, ಮೈತುಂಬ ವಿಭೂತಿ, ಕೊರಳಲ್ಲಿ ಹಾರ, ಮುಚ್ಚಿದ ಕಣ್ಣು. ಕಾಲುಗಳು ಮಾತ್ರ ಚೆಂದದ ಪದ್ಮಾಸನದಲ್ಲಿ. ಹತ್ತಿರ ಕುಸಿದು ಕೂತು ಅತ್ತೆ. ಯಾರೂ ಒತ್ತಬೇಕಾಗಲಿಲ್ಲವಲ್ಲ, ಆ ಸದ್ದು ಬರಲಿಲ್ಲವಲ್ಲ, ಅದೊಂದೇ ಸಮಾಧಾನ. ಕೈ ಚಾಚಿ ಆ ಮೊಣಕಾಲು ಮುಟ್ಟಿದೆ. ಬೆಚ್ಚಗಿತ್ತು.

ಹೆಣದ ತುಟಿಯಷ್ಟೇ ಅಲುಗಿತು: "ಮುಟ್ಟಬ್ಯಾಡ ತಂಗಿ. ಇನ್ನೂ ಐದು ಮಿನಿಟ ಅದಾವ."

ನಾನು ಕಿರುಚಿದ್ದು ಊರಿಗೆಲ್ಲ ಕೇಳಿರಬೇಕು. ಸೊಸೆ ಮೊಬೈಲಿನಲ್ಲಿ ಹೊತ್ತು ನೋಡುತ್ತಲೇ ಹೇಳಿದಳು: "ಅಂಜಬ್ಯಾಡ್ರಿ ಅಕ್ಕಾರ. ಮಾವನೋರು ಹಾರ ಹಾಕ್ಕೊಂಡು, ಸಮಾಧಿಯೊಳಗ ಕುಂದರೂ ಹಂಗ ಒಂದು ತಾಸು ಕುಂತು ಊರವರಿಗೆ ತೋರಸಾಕ ಹತ್ಯಾರ. ಇವರ ಕಾಲ ತಾವ ಮಡಚ್ತಾವ, ಮುಂದ ಯಾರೂ ಒತ್ತಬಾರ್ದಂತ."

ತಾಸು ತುಂಬಿತು. ಅಜ್ಜ ಕಣ್ಣು ತೆರೆದರು, ಜನ ಚಪ್ಪಾಳೆ ತಟ್ಟಿದರು. ನನಗೆ ಸಿಟ್ಟು, ನಗು, ಅಳು ಎಲ್ಲ ಒಟ್ಟಿಗೆ ಬಂದವು. "ಸಾಕ ಏಳ್ರಿ ಅಜ್ಜಾರ!" ಎಂದು ಗದರಿದೆ. ಅಜ್ಜ ಕೈ ಊರಿದರು, ತಿಣುಕಿದರು, ಆಮೇಲೆ ಮತ್ತೆ ಗೋಡೆಗೆ ಒರಗಿ ಆರಾಮಾಗಿ ಹೇಳಿದರು:

"ಕುಂದರೂದಷ್ಟ ಕಲ್ತೀನಿ ತಂಗಿ. ಸಮಾಧಿಯೊಳಗ ಏಳೂ ಕೆಲಸ ಏನೈತಿ ಅಂತ, ಏಳೂದನ್ನ ಕಲೀಲೇ ಇಲ್ಲ."