ಪುಡಾರಿಗೆ ಬ್ರೇಕ್ ಪಾಠ

"ಈ ಕಾಲಿದೆಯಲ್ಲ, ಇದು ಸಾಮಾನ್ಯ ಕಾಲಲ್ಲ!" ಎಂದು ಬ್ರೇಕ್ ಮೇಷ್ಟ್ರು ತಮ್ಮ ಬಲಗಾಲನ್ನು ತಿಂಡಿಯ ಮೇಜಿನ ಎತ್ತರಕ್ಕೆ ಎತ್ತಿ ತೋರಿಸಿದರು. "ಈ ಊರಿನ ಜನ ಇವತ್ತು ಎರಡೆರಡು ಕಾಲಲ್ಲಿ ಓಡಾಡ್ತಿದ್ದಾರೆ ಅಂದ್ರೆ ಅದು ಈ ಒಂದು ಕಾಲಿನ ಪುಣ್ಯ!"

"ಪುಣ್ಯಾತ್ಮನ ಕಾಲನ್ನ ಸ್ವಲ್ಪ ಕೆಳಗಿಡಿ. ಟೀ ಲೋಟಕ್ಕೆ ತಾಗುತ್ತೆ," ಎಂದರು ಹೆಂಡತಿ.

ಮೇಷ್ಟ್ರು ಹೇಳಿದ್ದು ಪೂರ್ತಿ ಸುಳ್ಳೇನಲ್ಲ. ಅವರು ಡ್ರೈವಿಂಗ್ ಶಾಲೆಯಲ್ಲಿ ಕಾರು ಕಲಿಸುವವರು. ಕಲಿಯುವವರು ಸ್ಟೀರಿಂಗ್ ಮುಂದೆ ಕೂತು ದೇವರನ್ನು ನೆನೆದರೆ, ಮೇಷ್ಟ್ರು ಪಕ್ಕದ ಸೀಟಿನಲ್ಲಿ ಕೂತು ಕಾಲ ಕೆಳಗಿನ ಇನ್ನೊಂದು ಬ್ರೇಕನ್ನು ನೆನೆಯುತ್ತಿದ್ದರು. ಆ ಊರಿನ ದೀಪದ ಕಂಬಗಳು, ಅಂಚೆ ಡಬ್ಬಗಳು, ಕೊನೆಗೆ ಟ್ರಾಫಿಕ್ ಪೊಲೀಸನ ಹೊಟ್ಟೆ ಕೂಡ ಇನ್ನೂ ತಮ್ಮ ಮೂಲ ಆಕಾರದಲ್ಲೇ ಉಳಿದಿದ್ದರೆ ಅದಕ್ಕೆ ಆ ಬಲಗಾಲೇ ಕಾರಣ. ಅವರ ಬಾಯಿಂದ "ಬ್ರೇಕ್!" ಎಂಬ ಗರ್ಜನೆ ಹೊರಟರೆ ಪಕ್ಕದ ಬೀದಿಯ ಸೈಕಲ್ಲುಗಳೂ ನಿಲ್ಲುತ್ತಿದ್ದವು. ಮೋಡಗಳು ನಿಂತದ್ದನ್ನು ಕಂಡವರೂ ಇದ್ದಾರೆ.

"ಎಂತೆಂಥವರಿಗೆ ರಸ್ತೆ ಕಲಿಸಿದ್ದೀನಿ! ಎಡ ಯಾವುದು ಬಲ ಯಾವುದು ಅಂತ ಗೊತ್ತಿಲ್ಲದ ಇಂಜಿನಿಯರಿಗೆ ಕಲಿಸಿದ್ದೀನಿ. ಕಣ್ಣು ಮುಚ್ಚಿಕೊಂಡು ಕಾರು ಓಡಿಸೋ ಕಣ್ಣಿನ ಡಾಕ್ಟ್ರಿಗೆ ಕಲಿಸಿದ್ದೀನಿ. ಈ ನಾಲ್ಕು ಕಾಲಿನ ಪ್ರಾಣಿ ಯಾವ ಲೆಕ್ಕ?"

"ನಿಮ್ಮ ಶಿಷ್ಯರಿಗಿಂತ ಅವನು ಬುದ್ಧಿವಂತ. ನನಗಿರೋದು ಅದೇ ಚಿಂತೆ," ಎಂದರು ಹೆಂಡತಿ.

'ಅವನು' ಎಂದರೆ ಪುಡಾರಿ. ಒಂದು ಕಿವಿ ನಿಂತ, ಇನ್ನೊಂದು ಕಿವಿ ಬಿದ್ದ ಕಂದು ನಾಯಿ. ಎಲ್ಲಿ ನಾಲ್ಕು ಜನ ಸೇರಿದರೂ ನುಗ್ಗಿ ಮಧ್ಯದಲ್ಲಿ ನಿಂತು, ವಿಷಯ ಏನೆಂದು ತಿಳಿಯದಿದ್ದರೂ ಗಂಟಲು ಹರಿಯುವಂತೆ ಮಾತಾಡುತ್ತಿದ್ದುದರಿಂದ ಆ ಹೆಸರು ಬಂದಿತ್ತು. ಆದರೆ ಬೀದಿಯಲ್ಲಿ ಅವನಿಗೆ ಜೀವದ ಮೇಲೆ ಆಸೆಯೇ ಇರಲಿಲ್ಲ. ಒಮ್ಮೆ ಕಸದ ತೊಟ್ಟಿಯ ಪಕ್ಕ ಬಿದ್ದಿದ್ದ ಯಾವುದೋ ಹಳಸಿದ್ದನ್ನು ನುಂಗಿ ಪಶುವೈದ್ಯೆಯ ಮೇಜಿನ ಮೇಲೆ ನಾಲ್ಕೂ ಕಾಲು ಚಾಚಿ ಮಲಗಿದ್ದ. ಅದರಿಂದ ಎದ್ದು ಬಂದು ಇನ್ನೂ ಗಂಜಿ ಕುಡಿಯುತ್ತಿರುವಾಗಲೇ ಐಸ್‌ಕ್ರೀಂ ಗಾಡಿಯ ಗಂಟೆ ಕೇಳಿ ಗೇಟು ಹಾರಿದವನು, ನೀರಿನ ಟ್ಯಾಂಕರಿನ ಚಕ್ರಕ್ಕೆ ಬಾಲದ ತುದಿ ಸವರಿಕೊಂಡು ವಾಪಸು ಬಂದಿದ್ದ.

ಆ ದಿನವೇ ಮನೆಯ ಹೈಕೋರ್ಟು ತೀರ್ಪು ಕೊಟ್ಟಿತು. ಹೆಂಡತಿ ಮನೆಯ ಮುಂದಿನ ಕೋಣೆಯಲ್ಲಿ ಬಟ್ಟೆ ಹೊಲಿಯುವವರು. ಬೀದಿಯಲ್ಲಿ ನಡೆಯುವುದೆಲ್ಲ ಅವರ ಹೊಲಿಗೆ ಯಂತ್ರದ ಮುಂದಿನ ಕಿಟಕಿಯಲ್ಲಿ ಕಾಣುತ್ತಿತ್ತು. ಟ್ಯಾಂಕರೂ ಕಂಡಿತ್ತು.

"ಇನ್ನೊಂದು ಸಲ ಹೀಗಾದ್ರೆ ನನ್ನ ಎದೆ ನಿಂತು ಹೋಗುತ್ತೆ. ಇವನನ್ನ ನನ್ನ ತಮ್ಮನ ಮನೆಗೆ ಕಳಿಸಿಬಿಡ್ತೀನಿ. ಅಲ್ಲಿ ಆಳೆತ್ತರದ ಕಾಂಪೌಂಡಿದೆ. ಬದುಕಿಕೊಳ್ಳಲಿ," ಎಂದು ಅವರು ಸೂಜಿಗೆ ದಾರ ಪೋಣಿಸುವ ನೆಪದಲ್ಲಿ ಕಣ್ಣೊರೆಸಿಕೊಂಡರು.

ಮೇಷ್ಟ್ರು ಟ್ರಾಫಿಕ್ ಪೊಲೀಸನ ಹೊಟ್ಟೆ ಉಳಿಸಿದ ಕಥೆಯನ್ನು "ಇದು ಹೋದ ವಾರವೂ ಹೇಳಿದ್ರಿ" ಎನ್ನದೆ ಕೇಳುವ ಜೀವ ಆ ಮನೆಯಲ್ಲಿ ಇದ್ದದ್ದು ಪುಡಾರಿ ಒಬ್ಬನೇ. ಅವನು ಹೋದರೆ ಆ ಕಥೆಯನ್ನು ಗೋಡೆಗೆ ಹೇಳಬೇಕು. ಗೋಡೆ ಬಾಲ ಅಲ್ಲಾಡಿಸುವುದಿಲ್ಲ.

"ಸ್ವಲ್ಪ ಟೈಮ್ ಕೊಡೇ! ನಾನು ಕಲಿಸ್ತೀನಿ. ನಿನ್ನ ತಮ್ಮನೇ ಬಂದು ಪರೀಕ್ಷೆ ಮಾಡಲಿ. ಫೇಲಾದ್ರೆ ಕರ್ಕೊಂಡು ಹೋಗಲಿ!"

ಹೇಗೆ ಕಲಿಸಬೇಕೆಂದು ಪಶುವೈದ್ಯೆ ಹೇಳಿಕೊಟ್ಟರು. "ಹೊಡೀಬೇಡಿ, ಬೈಬೇಡಿ. ಅವನು ಸರಿ ಮಾಡಿದ ತಕ್ಷಣ ಅವನಿಗೆ ಪ್ರಾಣದಷ್ಟು ಇಷ್ಟವಾದ ತಿಂಡಿ ಕೊಡಿ. ಅಪಾಯದ ಹತ್ತಿರ ನಿಂತು ನಿಮ್ಮ ಮುಖ ನೋಡಿದರೆ ಲಾಭ ಇದೆ ಅಂತ ಅವನಿಗೆ ಅನ್ನಿಸಬೇಕು. ಒಂದೇ ಮಾತು ಇಟ್ಟುಕೊಳ್ಳಿ. 'ನಿಲ್ಲು' ಅಂತಲೋ, 'ಬೇಡ' ಅಂತಲೋ..."

"ಬ್ರೇಕ್!" ಎಂದರು ಮೇಷ್ಟ್ರು. ಹೊರಗೆ ಕಾಯುತ್ತಿದ್ದ ಬೆಕ್ಕುಗಳೆಲ್ಲ ಬುಟ್ಟಿಯೊಳಗೆ ಮುದುಡಿಕೊಂಡವು.

ಪುಡಾರಿಗೆ ಪ್ರಾಣದಷ್ಟು ಇಷ್ಟವಾದದ್ದು ಚೀಸು. ಮೇಷ್ಟ್ರು ಗೇಟಿನ ಒಳಗೆ ನೆಲದ ಮೇಲೆ ಬಿಳಿ ಗೆರೆ ಎಳೆದರು, ಸಿಗ್ನಲ್ಲಿನಲ್ಲಿರುವಂಥದ್ದೇ. ಗೆರೆಯ ಹತ್ತಿರ ಬಂದಾಗ "ಬ್ರೇಕ್!" ಎನ್ನಬೇಕು, ಪುಡಾರಿ ಕೂರಬೇಕು, ಚೀಸ್ ತುಂಡು ಬಾಯಿಗೆ ಬೀಳಬೇಕು. ಮೊದಲ ದಿನ ಪುಡಾರಿ ಗೆರೆಯನ್ನು ನೆಕ್ಕಿದ. ಅದರ ಮೇಲೆ ಮಲಗಿದ. ಅದಕ್ಕೆ ಕಾಲೆತ್ತಿ ತನ್ನ ಅಭಿಪ್ರಾಯವನ್ನೂ ದಾಖಲಿಸಿದ. ಕೊನೆಗೆ ಮೇಷ್ಟ್ರೇ ನಾಲ್ಕು ಕಾಲಾಗಿ ಮೆಟ್ಟಿಲಿಂದ ಗೆರೆಯವರೆಗೆ ಓಡಿ, ತಮಗೆ ತಾವೇ "ಬ್ರೇಕ್!" ಎಂದು ಕೂಗಿಕೊಂಡು, ಪಟ್ಟನೆ ಕೂತು, ಮುಖ ಮೇಲೆತ್ತಿ ತೋರಿಸಿದರು.

"ರೀ, ನಿಮಗೂ ಒಂದು ಚೂರು ಹಾಕ್ಲಾ?" ಎಂದಿತು ಕಿಟಕಿ.

ಆದರೆ ಗುರು ಗುರುವೇ! ಕೆಲವೇ ದಿನಗಳಲ್ಲಿ ಪುಡಾರಿ "ಬ್ರೇ" ಎನ್ನುವಷ್ಟರಲ್ಲಿ ಕೂರತೊಡಗಿದ, "ಕ್" ಎನ್ನುವಷ್ಟರಲ್ಲಿ ಬಾಯಿ ತೆರೆಯುತ್ತಿದ್ದ. ಗೆರೆ ಆಯಿತು, ಗೇಟಿನ ಹೊರಗಿನ ರಸ್ತೆಯ ಅಂಚಾಯಿತು, ತೊಟ್ಟಿಯ ಪಕ್ಕದ ಕಸವಾಯಿತು. ಎಲ್ಲ ಕಡೆ ನಿಂತ, ಎಲ್ಲ ಕಡೆ ಚೀಸು. ಹೆಂಡತಿ ಗಂಡನ ಎಲ್ಲ ಪ್ಯಾಂಟುಗಳಿಗೂ ಚೀಸಿಗೆಂದೇ ಒಂದು ಜೇಬು ಹೊಲಿದುಕೊಟ್ಟರು, ಜಿಪ್ಪು ಸಮೇತ.

ಜೇಬು ಕಾರಿನೊಳಗೂ ಬಂತು. ಬ್ಯಾಂಕಿನ ಮ್ಯಾನೇಜರಮ್ಮ ಸಿಗ್ನಲ್ಲಿನಲ್ಲಿ ಮೊತ್ತಮೊದಲ ಬಾರಿಗೆ ಗೆರೆಯ ಹಿಂದೆಯೇ ಕಾರು ನಿಲ್ಲಿಸಿದಾಗ ಮೇಷ್ಟ್ರ ಕೈ ತನ್ನಷ್ಟಕ್ಕೆ ಜಿಪ್ಪು ತೆಗೆದು, "ಭೇಷ್ ಮಗನೇ!" ಎಂದು ಆಕೆಯ ಬಾಯಿಯ ಮುಂದೆ ಚೀಸು ಹಿಡಿಯಿತು.

"ಸರ್, ಏನಿದು?"

"ಅದು... ಬಹುಮಾನ, ಮೇಡಂ."

ಆಕೆ ಆ ಕಡೆ ಈ ಕಡೆ ನೋಡಿ ತಿಂದರು. ಮುಂದಿನ ಸಿಗ್ನಲ್ಲಿನಲ್ಲಿ ಇನ್ನೂ ನಯವಾಗಿ ನಿಲ್ಲಿಸಿ, ರಸ್ತೆಯಿಂದ ಕಣ್ಣು ತೆಗೆಯದೆ ಎಡಗೈ ಚಾಚಿದರು!

ಮೇಷ್ಟ್ರು ಅಂದು ಗಾಳಿಯಲ್ಲಿ ತೇಲುತ್ತ ಮನೆಗೆ ಬಂದರು. ಜಗತ್ತಿನ ಸಕಲ ಸಮಸ್ಯೆಗಳಿಗೂ ಚೀಸೇ ಮದ್ದು! ಆದರೆ ಅಷ್ಟು ಹೊತ್ತಿಗೆ ಪುಡಾರಿ ತನ್ನದೇ ಒಂದು ಸಂಶೋಧನೆ ಮಾಡಿ ಮುಗಿಸಿದ್ದ. ಅಪಾಯ ಇದ್ದಲ್ಲಿ ಚೀಸು ಇದೆ. ಅಪಾಯ ಇಲ್ಲದಿದ್ದರೆ ಚೀಸು ಇಲ್ಲ. ಹಾಗಾದರೆ ಬೇಕಾಗಿರುವುದೇನು? ಇನ್ನಷ್ಟು ಅಪಾಯ!

ಮರುದಿನದಿಂದ ವಾಕಿಂಗ್ ಎಂಬುದು ವಾಕಿಂಗ್ ಆಗಿ ಉಳಿಯಲಿಲ್ಲ, ಅಪಾಯಗಳ ಸರ್ವೇಕ್ಷಣೆಯಾಯಿತು. ಪುಡಾರಿ ಮೇಷ್ಟ್ರನ್ನು ಎಳೆದುಕೊಂಡು ಹೋಗಿ ತೆರೆದ ಚರಂಡಿಯ ಮುಂದೆ ಕೂತು, ಒಮ್ಮೆ ಬೊಗಳಿ, ಮುಖ ನೋಡಿದ. ಸರಿ, ಚೀಸು. ಒಡೆದ ಬಾಟಲಿಯ ಮುಂದೆ ಕೂತ. ಸರಿ, ಚೀಸು. ನಿಂತ ಲಾರಿಯ ಮುಂದೆ ಕೂತ. ಆಮೇಲೆ ಹರಿದ ಚಪ್ಪಲಿಯ ಮುಂದೆ ಕೂತ. ಉದುರಿದ ಎಲೆಯ ಮುಂದೆ ಕೂತ. ಆ ಎಲೆಯಿಂದ ಒಂದು ಗಜ ದೂರದಲ್ಲಿದ್ದ, ಅದಕ್ಕಿಂತ ಘೋರವಾದ ಇನ್ನೊಂದು ಎಲೆಯ ಮುಂದೆ ಕೂತ. ಕೊನೆಗೆ ಪಕ್ಕದ ಮನೆಯ ಅಜ್ಜಿ ಬಾಗಿಲಲ್ಲಿ ಕಾಣಿಸಿದ್ದೇ ತಡ, ಅವರ ಪಾದದ ಬಳಿ ಕೂತು "ಬೌ!" ಎಂದು ಮೇಷ್ಟ್ರ ಜೇಬನ್ನೇ ನೋಡಿದ.

"ಯಾಕಪ್ಪಾ ಮೇಷ್ಟ್ರೇ, ನಾನೇನು ಗುಂಡೀನಾ?" ಎಂದರು ಅಜ್ಜಿ.

"ಇಲ್ಲ ಅಜ್ಜಿ, ಅವನು ಮರ್ಯಾದೆ ಕೊಡ್ತಿದ್ದಾನೆ," ಎಂದು ಮೇಷ್ಟ್ರು ಬೆವರೊರೆಸಿಕೊಂಡು ಒಂದು ತುಂಡು ಕೊಟ್ಟು ಅಲ್ಲಿಂದ ಕಾಲ್ಕಿತ್ತರು. ಆ ತಪ್ಪಿಗೆ ಮುಂದೆ ಅಜ್ಜಿ ಹೂವಿಗೆ ನೀರು ಹಾಕಲು ಬಂದಾಗಲೆಲ್ಲ ಅಪಾಯದ ಘಂಟೆ ಮೊಳಗಿತು.

"ಮೋಸಗಾರ! ಪಕ್ಕಾ ಮೋಸಗಾರ!" ಎಂದು ಮೇಷ್ಟ್ರು ಮನೆಯಲ್ಲಿ ಹಾರಾಡಿದರು. "ಇನ್ನು ಮೇಲೆ ನಾನು 'ಬ್ರೇಕ್' ಅಂದ್ರೆ ಮಾತ್ರ ಚೀಸು. ಅವನಾಗೇ ಕೂತು ಬೊಗಳಿದ್ರೆ ತಿರುಗಿ ಕೂಡ ನೋಡಲ್ಲ!"

"ಯಾವುದು ಅಪಾಯ ಅಂತ ಅವನಿಗೇ ಗೊತ್ತಾಗ್ಲಿ ಅಂತ ತಾನೇ ಕಲಿಸಿದ್ದು?"

"ಲೈಸೆನ್ಸ್ ಇಲ್ಲದವರು ರಸ್ತೆ ವಿಷಯ ಮಾತಾಡಬಾರದು ಕಣೇ."

ಹೆಂಡತಿಯ ಹೊಲಿಗೆ ಯಂತ್ರ ಸ್ವಲ್ಪ ಜೋರಾಗಿ ಓಡಿತು.

ಪರೀಕ್ಷೆಯ ಭಾನುವಾರ ಬಂತು. ಅದರ ಹಿಂದಿನ ದಿನವೇ ನೀರಿನ ಪೈಪಿನವರು ಬಂದು ಗೇಟಿನ ಹೊರಗೆ, ಸ್ವಲ್ಪ ಬಲಕ್ಕೆ, ಎದೆಮಟ್ಟದ ಗುಂಡಿ ತೋಡಿ, ಅದರಲ್ಲಿ ಕೆಂಪು ಕೆಸರು ತುಂಬಿಸಿ, ಸುತ್ತ ಒಂದು ದಾರ ಕಟ್ಟಿ, ಏಣಿಯನ್ನೂ ಅಲ್ಲೇ ಬಿಟ್ಟು ರಜೆಗೆ ಹೋಗಿದ್ದರು. ಕಟ್ಟಿದ ದಾರ ಬೆಳಗಾಗುವಷ್ಟರಲ್ಲಿ ಜೋತುಬಿದ್ದು ನೆಲ ಸೇರಿತ್ತು.

ಬಾಮೈದ ಬಂದ. ಬರಿಗೈಲಿ ಬಂದಿದ್ದರೆ ಮೇಷ್ಟ್ರು ಸಹಿಸುತ್ತಿದ್ದರು. ಅವನ ಒಂದು ಕೈಯಲ್ಲಿ ಹೊಸ ಕೊರಳಪಟ್ಟಿ, ಇನ್ನೊಂದರಲ್ಲಿ ಹೊಸ ತಟ್ಟೆ!

"ಏನೋ ಇದು? ಪರೀಕ್ಷೆಗೆ ಮೊದಲೇ ರಿಸಲ್ಟಾ?"

"ಹಾಗಲ್ಲ ಭಾವ, ಅಂಗಡಿ ದಾರೀಲೇ ಇತ್ತು. ಮಕ್ಕಳು ಕಾಯ್ತಾ ಇದಾರೆ, ಪುಡಾರಿ ಬರ್ತಾನೆ ಅಂತ."

ಮೇಷ್ಟ್ರು ಪುಡಾರಿಯ ಮುಂದೆ ಕುಕ್ಕರುಗಾಲಲ್ಲಿ ಕೂತು, ಯಾರಿಗೂ ಕೇಳದಂತೆ, "ಮಗನೇ, ಮಾನ ಉಳಿಸೋ. ಹಳೇದೆಲ್ಲ ಮರೆತುಬಿಡೋಣ," ಎಂದರು. ಪುಡಾರಿ ಅವರ ಮೂಗು ನೆಕ್ಕಿದ.

ಗೇಟನ್ನು ಪೂರ್ತಿ ತೆರೆದಿಟ್ಟರು. ಬಾಮೈದ ರಸ್ತೆಗೆ ಚೆಂಡು ಎಸೆದ. ಪುಡಾರಿ ಬಾಣದಂತೆ ಹೊರಟ. "ಬ್ರೇಕ್!" ಗೆರೆಯ ಹಿಂದೆ ಕುಂಡೆ ಊರಿ ಕೂತ! ಗೇಟಿನ ಹೊರಗೆ ಮೂಳೆ ಇಟ್ಟರು. "ಬ್ರೇಕ್!" ಮೂಳೆಯ ಮುಂದೆ ಕೂತು, ಅದು ಮೂಳೆಯೇ ಅಲ್ಲ, ಇಟ್ಟಿಗೆ ಚೂರು ಎಂಬಂತೆ ಮುಖ ತಿರುಗಿಸಿದ. ಆಗಲೇ, ವಿಧಿಯೇ ಕಳಿಸಿದಂತೆ, ಐಸ್‌ಕ್ರೀಂ ಗಾಡಿ ಗಂಟೆ ಬಾರಿಸುತ್ತ ಬಂತು. ಪುಡಾರಿಯ ಮೈಯೆಲ್ಲ ನಡುಗಿತು. ನಿಂತ ಕಿವಿ ಬಿತ್ತು, ಬಿದ್ದ ಕಿವಿ ನಿಂತಿತು. ಹೆಂಡತಿ ಕಿಟಕಿಯ ಸರಳನ್ನು ಬಿಗಿಯಾಗಿ ಹಿಡಿದರು. "ಬ್ರೇಕ್!" ಎಂದರು ಮೇಷ್ಟ್ರು, ಈ ಸಲ ಗರ್ಜನೆಯಲ್ಲ, ಮೊರೆ.

ಪುಡಾರಿ ಅಲ್ಲಾಡಲಿಲ್ಲ. ಗಾಡಿ ಹೋಯಿತು, ಅದರ ಹಿಂದೆಯೇ ಒಂದು ಲಾರಿ ಧೂಳೆಬ್ಬಿಸಿಕೊಂಡು ಹೋಯಿತು. ಪುಡಾರಿ ಕೂತಲ್ಲೇ ಕೂತಿದ್ದ.

"ಪಾಸು ಭಾವ! ಫಸ್ಟ್ ಕ್ಲಾಸು!" ಎಂದ ಬಾಮೈದ, ಹೊಸ ತಟ್ಟೆಯನ್ನು ಬೆನ್ನ ಹಿಂದೆ ಅಡಗಿಸಿಕೊಂಡು. ಹೆಂಡತಿ ಚೀಸಿನ ಡಬ್ಬಿ ಹಿಡಿದು ಓಡಿಬಂದರು. ಕಣ್ಣಲ್ಲಿ ನೀರು. ಈ ಸಲ ಸೂಜಿ ದಾರದ ನೆಪವೂ ಇರಲಿಲ್ಲ.

ಮೇಷ್ಟ್ರು ಅಲ್ಲಿಗೇ ನಿಲ್ಲಿಸಬಹುದಿತ್ತು. ಊರನ್ನೆಲ್ಲ ನಿಲ್ಲಿಸಿದವರಿಗೆ ತಮ್ಮನ್ನು ನಿಲ್ಲಿಸಿಕೊಳ್ಳುವುದು ಮಾತ್ರ ಬರಲಿಲ್ಲ. ಸಭೆ ತಮ್ಮ ಎದುರಿಗಿದೆ, ಭಾಷಣ ಬಾಕಿಯಿದೆ! ಅವರು ಗೇಟಿನಿಂದ ಹೊರಗೆ ಹಿಂದೆ ಹಿಂದೆ ಹೆಜ್ಜೆ ಇಡುತ್ತ, ಎರಡೂ ಕೈ ಆಕಾಶಕ್ಕೆತ್ತಿ ಶುರು ಮಾಡಿದರು:

"ನೋಡಿದ್ರಾ! ಇದು ನಾಯಿಯ ಬುದ್ಧಿ ಅಲ್ಲ, ಗುರುವಿನ ಕೈಚಳಕ! ನಾನು ಶಿಷ್ಯರಿಗೆ ಮೊದಲ ದಿನವೇ ಹೇಳೋದೇನು? ರಿವರ್ಸ್ ಹಾಕೋ ಮೊದಲು ಹಿಂದೆ ನೋಡಿ! ಹಿಂದೆ ನೋಡದವನು ಡ್ರೈವರೇ ಅಲ್ಲ!"

ಪುಡಾರಿ ತಟ್ಟನೆ ಎದ್ದ. ಮೇಷ್ಟ್ರನ್ನು ದಾಟಿ ಓಡಿ, ಗುಂಡಿಯ ಅಂಚಿನಲ್ಲಿ ಕೂತು, "ಬೌ!" ಎಂದ.

"ನೋಡಿದ್ರಾ, ಶುರುವಾಯ್ತು ಮೋಸ! ನಾನು ಬ್ರೇಕ್ ಅಂದಿಲ್ಲ. ಚೀಸಿಲ್ಲ, ಹೋಗು!"

"ಬೌ! ಬೌ!"

"ರೀ! ಹಿಂದೆ..."

"ಹಿಂದೆ ನೋಡೋದನ್ನ ನೀನು ನನಗೆ ಹೇಳಿಕೊಡ್ತೀಯಾ?"

ಎಂದು ಮೇಷ್ಟ್ರು ಇನ್ನೊಂದು ಹೆಜ್ಜೆ ಹಿಂದಿಟ್ಟರು. ಇಟ್ಟದ್ದು ಅದೇ ಬಲಗಾಲು! ಊರಿಗೆ ಊರನ್ನೇ ಕಾಪಾಡಿದ ಆ ಕಾಲು ಗಾಳಿಯಲ್ಲಿ ಬ್ರೇಕಿಗಾಗಿ ತಡಕಾಡಿತು. ಸಿಗಲಿಲ್ಲ.

"ಬ್ರೇಕ್!" ಎಂದು ಹೆಂಡತಿ ಚೀರಿದರು. ಪುಡಾರಿ ಕೂತಲ್ಲೇ ಇನ್ನಷ್ಟು ನೆಟ್ಟಗೆ ಕೂತ. ಮೇಷ್ಟ್ರು ಮಾತ್ರ ದೊಪ್ಪೆಂದು ಕೆಸರಿಗೆ ಇಳಿದರು.

ಆಮೇಲೆ ಗುಂಡಿಯೊಳಗಿಂದ ಒಂದು ಕೆಂಪು ತಲೆ ಮೇಲೆ ಬಂದು, ಬಾಯಲ್ಲಿದ್ದದ್ದನ್ನು ಉಗಿದು, "ಪೈಪಿನವರಿಗೆ ಬುದ್ಧಿ ಇಲ್ಲ," ಎಂದಿತು.

ಪೆಟ್ಟಾಗಿಲ್ಲವೆಂದು ಖಾತ್ರಿಯಾದ ಮೇಲೆ ಹೆಂಡತಿ ಸೆರಗನ್ನು ಬಾಯಿಗೆ ಒತ್ತಿಕೊಂಡರು. ನಗು ಅದರ ಸುತ್ತಲಿಂದ ಸೋರಿತು. ಅವರು ಡಬ್ಬಿಯಿಂದ ದೊಡ್ಡ ತುಂಡೊಂದನ್ನು ತೆಗೆದು ಪುಡಾರಿಗೆ ಕೊಟ್ಟರು. "ತಗೋ ಕಂದಾ. ನೀನು ಹೇಳಿದ್ದು ಸರಿಯಾಗೇ ಇತ್ತು, ಇವರು ಕೇಳಲಿಲ್ಲ." ಆಮೇಲೆ ತಮ್ಮನ ಕಡೆ ತಿರುಗಿದರು. "ಪುಡಾರಿ ಇಲ್ಲೇ ಇರಲಿ ಕಣೋ. ನಿಮ್ಮ ಮನೆ ಕಾಂಪೌಂಡು ಆಳೆತ್ತರ ಇದೆ ತಾನೇ? ಇವರನ್ನ ಕರ್ಕೊಂಡು ಹೋಗು."

"ಕೊರಳಪಟ್ಟಿ ಭಾವನಿಗೆ ಸ್ವಲ್ಪ ಬಿಗಿಯಾಗಬಹುದು ಅಕ್ಕ," ಎಂದ ಬಾಮೈದ, ಏಣಿ ಇಳಿಸುತ್ತ.

ಮೇಷ್ಟ್ರು ಏಣಿ ಹತ್ತಿ ಬಂದರು. ಒಂದು ಚಪ್ಪಲಿ ಗುಂಡಿಯಲ್ಲೇ ಉಳಿಯಿತು. ಭಾಷಣದ ಉಳಿದ ಭಾಗವೂ ಅದರ ಜೊತೆಯೇ ಉಳಿಯಿತು. ಗುಂಡಿಯ ಅಂಚಿನಲ್ಲೇ ಪಟ್ಟನೆ ಕೂತು, ಮುಖ ಮೇಲೆತ್ತಿ ಉಸ್ಸೆಂದರು.

ಪುಡಾರಿ ಅವರನ್ನೇ ನೋಡಿದ. ಅಪಾಯದ ಅಂಚು. ಕೂತಿದ್ದಾರೆ. ಮುಖ ಮೇಲಕ್ಕಿದೆ. ಎಲ್ಲವೂ ಪಾಠದಲ್ಲಿದ್ದಂತೆಯೇ ಇದೆ.

ಅವನು ಬಾಯಲ್ಲಿ ಅರ್ಧ ಉಳಿದಿದ್ದ ಚೀಸನ್ನು ಮೇಷ್ಟ್ರ ಬಲಗಾಲಿನ ಮುಂದೆ ಮೆಲ್ಲಗೆ ಉಗುಳಿದ. ಮೇಷ್ಟ್ರು ಸುಮ್ಮನೆ ನೋಡುತ್ತ ಕೂತಿದ್ದನ್ನು ಕಂಡು, ಮಂದಬುದ್ಧಿಯ ಶಿಷ್ಯನಿಗೆ ತೋರಿಸುವ ತಾಳ್ಮೆಯಿಂದ, ಮೂಗಿನಿಂದ ಅದನ್ನು ಇನ್ನೂ ಸ್ವಲ್ಪ ಮುಂದಕ್ಕೆ ತಳ್ಳಿ ಹೇಳಿದ:

"ಬೌ!"